ಹೊಟ್ಟೆಗೆ ಚುಚ್ಚಿದರೆ ಮಗುವಿಗೆ ತಾಗುತ್ತದೆಯೇ?

ಬಸುರಿಯಾದ ಮೇಲೆ ಶುಗರ್ ಕಾಣಿಸಿಕೊಂಡು ಇನ್ಸುಲಿನ್ ಶುರುವಾದವರು, ಮೊದಲಿಂದಲೇ ಇನ್ಸುಲಿನ್ ಮೇಲಿದ್ದು ಈಗ ಬಸುರಿಯಾದವರು, ಅವರ ಮನೆಯವರು ಕಳಿಸಿದ ಪ್ರಶ್ನೆಗಳು ಈ ಸಲದ ಅಂಕಣದಲ್ಲಿವೆ. ಎಷ್ಟು ಯೂನಿಟ್ ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು. ಬರೆದುಕೊಟ್ಟಷ್ಟೂ ಯೂನಿಟ್ ನೋವಿಲ್ಲದೆ, ಸೋರದೆ, ಹೊತ್ತಿಗೆ ಸರಿಯಾಗಿ ಮೈಗೆ ಸೇರುವಂತೆ ಮಾಡುವುದು ಹೇಗೆ ಎಂಬುದು ನಮ್ಮ ಉತ್ತರಗಳ ವಿಷಯ.

ಪ್ರಶ್ನೆ: ನನಗೀಗ ಏಳನೇ ತಿಂಗಳು. ಪೆನ್‌ನಲ್ಲಿ ಇನ್ಸುಲಿನ್ ಕೊಟ್ಟಿದ್ದಾರೆ. ಹೊಟ್ಟೆಗೇ ಹಾಕಿಕೊಳ್ಳಿ ಅಂತ ನರ್ಸ್ ಹೇಳಿದರು. ನಮ್ಮತ್ತೆ ‘ಬಸುರಿ ಹೊಟ್ಟೆಗೆ ಯಾರಾದರೂ ಸೂಜಿ ಚುಚ್ಚುತ್ತಾರಾ’ ಅಂತ ಗಾಬರಿಯಾಗಿದ್ದಾರೆ. ನನಗೂ ಸೂಜಿ ಹತ್ತಿರ ತಂದರೆ ಕೈ ನಡುಗುತ್ತದೆ. ತೊಡೆಗೆ ಹಾಕಿಕೊಂಡರೆ ಆಗುವುದಿಲ್ಲವೇ?
— ಹಾಸನದ ಓದುಗರು

ಉತ್ತರ: ಮಗುವಿಗೆ ತಾಗುವುದಿಲ್ಲ. ಯಾಕೆಂದು ಅತ್ತೆಯವರಿಗೂ ಓದಿ ಹೇಳಿ. ಪೆನ್‌ಗೆ ಹಾಕುವ ಸೂಜಿ ಈಗ ಹೆಚ್ಚಾಗಿ 4 ಮಿಲಿಮೀಟರ್ ಉದ್ದದ್ದು, ಒಂದು ಅಕ್ಕಿ ಕಾಳಿಗಿಂತ ಗಿಡ್ಡ. ಚರ್ಮವೇ ಸುಮಾರು 2 ಮಿಲಿಮೀಟರ್ ದಪ್ಪ ಇರುತ್ತದೆ. ಅದರಡಿ ಕೊಬ್ಬು, ಕೊಬ್ಬಿನಡಿ ಸ್ನಾಯು, ಸ್ನಾಯುವಿನ ಹಿಂದೆ ಗರ್ಭಕೋಶದ ಗೋಡೆ, ಅದರೊಳಗೆ ನೀರಿನ ಚೀಲ, ಆ ನೀರಿನಲ್ಲಿ ಮಗು. ಸೂಜಿ ಕೊಬ್ಬಿನಲ್ಲೇ ನಿಂತುಬಿಡುತ್ತದೆ.

ಔಷಧಿಯಾದರೂ ಮಗುವಿಗೆ ಹೋಗುತ್ತದಲ್ಲ ಎಂದು ಕೇಳುವವರಿದ್ದಾರೆ. ಇನ್ಸುಲಿನ್ ಮಾಸನ್ನು ದಾಟುವುದಿಲ್ಲ ಎಂದೇ ಹೇಳಬಹುದು. ಸಕ್ಕರೆ ಮಾತ್ರ ಸರಾಗವಾಗಿ ದಾಟುತ್ತದೆ. ತಾಯಿಯ ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಅದು ಮಗುವಿಗೂ ಹೋಗಿ, ಅದನ್ನು ಕರಗಿಸಲು ಮಗು ತಾನೇ ಹೆಚ್ಚು ಇನ್ಸುಲಿನ್ ತಯಾರಿಸಿ, ಕೊಬ್ಬು ಕಟ್ಟಿಕೊಂಡು ದಪ್ಪಗಾಗುತ್ತದೆ. ಹುಟ್ಟಿದ ಮೇಲೆ ತಾಯಿಯಿಂದ ಬರುತ್ತಿದ್ದ ಸಕ್ಕರೆ ನಿಂತರೂ ಮಗುವಿನ ಇನ್ಸುಲಿನ್ ಕೂಡಲೇ ಇಳಿಯದೆ, ಕೂಸಿಗೆ ಶುಗರ್ ಲೋ ಆಗುತ್ತದೆ. ಹಾಗಾಗಿ ಭಯಪಡಬೇಕಾದ್ದು ಸೂಜಿಗಲ್ಲ, ತಪ್ಪಿಹೋದ ಡೋಸಿಗೆ.

ಹೊಟ್ಟೆಯಲ್ಲಿ ಎಲ್ಲಿ ಎಂಬುದು ತಿಂಗಳಿನ ಮೇಲೆ ಹೋಗುತ್ತದೆ. ಮೊದಲ ಮೂರು ತಿಂಗಳು ಹೊಕ್ಕುಳ ಸುತ್ತ ಮೂರು ಬೆರಳಗಲ ಬಿಟ್ಟು ಎಲ್ಲಿ ಬೇಕಾದರೂ ಹಾಕಬಹುದು. ನಾಲ್ಕನೇ ತಿಂಗಳಿಂದ ಮುಂಭಾಗ ಬಿಟ್ಟು ಪಕ್ಕಕ್ಕೆ ಸರಿಯಿರಿ. ಏಳನೇ ತಿಂಗಳ ಮೇಲೆ ಮುಂದಿನ ಚರ್ಮ ತಮಟೆಯಂತೆ ಬಿಗಿದಿರುತ್ತದೆ, ಅಲ್ಲಿ ಚಿವುಟಿ ಹಿಡಿಯಲು ಏನೂ ಸಿಗುವುದಿಲ್ಲ. ನಿಮಗೀಗ ಸರಿಯಾದ ಜಾಗ ಸೊಂಟದ ಮೇಲೆ, ಪಕ್ಕೆಲುಬಿನ ಕೆಳಗೆ, ಹೊಟ್ಟೆಯ ಎರಡು ಬದಿ. ಮಂಚದ ಮೇಲೆ ಒರಗಿ ಕೂತರೆ ಅಲ್ಲಿ ಮೆತ್ತಗೆ ಒಂದು ಮಡಿಕೆ ಸಿಗುತ್ತದೆ. ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಮಾತ್ರ ಅದನ್ನು ಎತ್ತಿ ಹಿಡಿಯಿರಿ. ಐದೂ ಬೆರಳು ಹಾಕಿ ಹಿಡಿದರೆ ಸ್ನಾಯುವೂ ಎದ್ದು ಬರುತ್ತದೆ. ಹಿಡಿದ ಜಾಗ ಬೆಳ್ಳಗಾದರೆ ಹಿಡಿತ ಗಟ್ಟಿಯಾಯಿತು ಎಂದರ್ಥ, ಸ್ವಲ್ಪ ಸಡಿಲಿಸಿ. 4 ಮಿಲಿಮೀಟರ್ ಸೂಜಿಯನ್ನು ಆ ಮಡಿಕೆಗೆ ನೇರವಾಗಿ ಚುಚ್ಚಿ. 6 ಅಥವಾ 8 ಮಿಲಿಮೀಟರ್‌ನ ಸಿರಿಂಜ್ ಆದರೆ ಮಡಿಕೆ ಹಿಡಿದು ಓರೆಯಾಗಿ, 45 ಡಿಗ್ರಿಯಲ್ಲಿ.

ಹೊಟ್ಟೆಗೆ ಮನಸ್ಸು ಒಪ್ಪದಿದ್ದರೆ ತೊಡೆಯೂ ಆಗುತ್ತದೆ, ತಪ್ಪೇನಿಲ್ಲ. ಮುಂಭಾಗದ ಹೊರಬದಿ, ಮೊಣಕಾಲಿನ ಹತ್ತಿರ ಬೇಡ. ಒಂದು ವ್ಯತ್ಯಾಸ ನೆನಪಿಡಿ: ಊಟಕ್ಕೆ ಮುಂಚೆ ಹಾಕಿಕೊಳ್ಳುವ ಸಾದಾ (ರೆಗ್ಯುಲರ್) ಇನ್ಸುಲಿನ್ ಹೊಟ್ಟೆಯಿಂದ ಬೇಗ, ತೊಡೆಯಿಂದ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಇವತ್ತು ಹೊಟ್ಟೆ, ನಾಳೆ ತೊಡೆ ಎಂದು ಬದಲಾಯಿಸುತ್ತಾ ಹೋದರೆ ಅದೇ ತಿಂಡಿ, ಅದೇ ಯೂನಿಟ್, ಶುಗರ್ ಮಾತ್ರ ದಿನಕ್ಕೊಂದು ಥರ ಆಗುತ್ತದೆ. ಬೆಳಗಿನದು ಹೊಟ್ಟೆಗೆ ಎಂದಾದರೆ ದಿನವೂ ಬೆಳಗಿನದು ಹೊಟ್ಟೆಗೇ ಇರಲಿ. ರಾತ್ರಿ ಮಲಗುವಾಗಿನ ನಿಧಾನದ ಇನ್ಸುಲಿನ್‌ಗೆ ತೊಡೆ ಒಳ್ಳೆಯ ಜಾಗ.

ಕೈ ನಡುಗುವುದು ಮೊದಲ ಮೂರ್ನಾಲ್ಕು ದಿನ. ಮೊದಲ ಚುಚ್ಚನ್ನು ನರ್ಸ್ ಎದುರಿಗೆ ನೀವೇ ಹಾಕಿಕೊಳ್ಳಿ. ಅವರು ಹಾಕಿ ತೋರಿಸಿದ್ದನ್ನು ನೋಡಿ ಬಂದರೆ ಮನೆಯಲ್ಲಿ ಧೈರ್ಯ ಬರುವುದಿಲ್ಲ.

ಪ್ರಶ್ನೆ: ಮೂರು ವಾರದಿಂದ ದಿನಕ್ಕೆ ನಾಲ್ಕು ಚುಚ್ಚು. ಕೆಲವು ಸಲ ಗೊತ್ತೇ ಆಗುವುದಿಲ್ಲ, ಕೆಲವು ಸಲ ಉರಿ ಬಂದು ಕಣ್ಣಲ್ಲಿ ನೀರು ತುಂಬುತ್ತದೆ. ಅಲ್ಲಲ್ಲಿ ನೀಲಿಗಟ್ಟಿದೆ. ಸೂಜಿ ತೆಗೆದ ಮೇಲೆ ಒಂದು ಹನಿ ಆಚೆ ಬರುತ್ತದೆ. ಡೋಸ್ ಕಡಿಮೆ ಆಯಿತೆಂದು ಇನ್ನೆರಡು ಯೂನಿಟ್ ಹಾಕಿಕೊಳ್ಳಬೇಕೇ?
— ದಾವಣಗೆರೆಯ ಓದುಗರು

ಉತ್ತರ: ಮೊದಲು ಕೊನೆಯ ಪ್ರಶ್ನೆಗೆ: ಬೇಡ. ಎಷ್ಟು ಸೋರಿತೋ ಅಳೆಯಲು ಬರುವುದಿಲ್ಲ, ಅಂದಾಜಿನಲ್ಲಿ ಹಾಕಿದ್ದು ಹೆಚ್ಚಾಗಿ ಲೋ ಆಗಬಹುದು. ಊಟದ ನಂತರದ ರೀಡಿಂಗ್ ನೋಡಿ, ಪುಸ್ತಕದಲ್ಲಿ ‘ಸೋರಿತು’ ಎಂದು ಪಕ್ಕದಲ್ಲಿ ಬರೆದಿಡಿ.

ಈಗ ಹನಿ. ಪೆನ್ನಿನ ಗುಂಡಿ ಒತ್ತಿದ ಕೂಡಲೇ ಸೂಜಿ ಎಳೆದರೆ ಔಷಧಿ ಇನ್ನೂ ಇಳಿಯುತ್ತಲೇ ಇರುತ್ತದೆ. ಸೂಜಿಯ ರಂಧ್ರ ಕೂದಲೆಳೆಯಷ್ಟು, ಅದರಲ್ಲಿ ಇಪ್ಪತ್ತು ಯೂನಿಟ್ ಹೋಗಲು ಹೊತ್ತು ಬೇಕು. ಗುಂಡಿಯನ್ನು ಪೂರ್ತಿ ಒತ್ತಿ, ಕಿಟಕಿಯಲ್ಲಿ ಸೊನ್ನೆ ಬಂದ ಮೇಲೆ, ಒತ್ತಿದ್ದಂತೆಯೇ ನಿಧಾನವಾಗಿ ಹತ್ತರವರೆಗೆ ಎಣಿಸಿ, ಆಮೇಲೆ ನೇರವಾಗಿ ಎಳೆದು, ಕೊನೆಯಲ್ಲಿ ಮಡಿಕೆ ಬಿಡಿ. ಇಷ್ಟು ಮಾಡಿಯೂ ಸೂಜಿಯ ತುದಿಯಿಂದ ಹನಿ ಒಂದರ ಹಿಂದೊಂದು ತೊಟ್ಟಿಕ್ಕುತ್ತಿದ್ದರೆ ಪೆನ್ನೊಳಗಿನ ಇನ್ಸುಲಿನ್ ಕೊಳವೆಯಲ್ಲಿ (ಕಾರ್ಟ್ರಿಜ್) ಗಾಳಿ ಸೇರಿದೆ. ಸೂಜಿಯನ್ನು ಪೆನ್ನಿಗೇ ಬಿಟ್ಟು ಮುಚ್ಚಿಡುವವರಲ್ಲಿ ಇದು ಸಾಮಾನ್ಯ. ಹಾಕಿಕೊಂಡ ಮೇಲೆ ಸೂಜಿ ಬಿಚ್ಚಿ. ಮುಂದಿನ ಸಲ ಹೊಸ ಸೂಜಿ ತಿರುಗಿಸಿ ಕೂರಿಸಿ, 2 ಯೂನಿಟ್ ಇಟ್ಟು, ಪೆನ್ ಮೇಲ್ಮುಖ ಹಿಡಿದು ಒತ್ತಿ. ತುದಿಯಲ್ಲಿ ಹನಿ ಮೂಡಿದ ಮೇಲೆಯೇ ನಿಮ್ಮ ಡೋಸ್ ತಿರುಗಿಸಬೇಕು. ಹನಿ ಕಾಣದಿದ್ದರೆ ಇನ್ನೆರಡು ಯೂನಿಟ್ ಇಟ್ಟು ಮತ್ತೆ ಒತ್ತಿ.

ಉರಿಗೆ ಮೂರು ಕಾರಣ ಹೆಚ್ಚು ಕಾಣುತ್ತವೆ. ಫ್ರಿಜ್‌ನಿಂದ ತೆಗೆದ ತಣ್ಣನೆಯ ಇನ್ಸುಲಿನ್ ಒಂದು. ಬಳಕೆಯಲ್ಲಿರುವ ಪೆನ್ ಹೊರಗೇ ಇರಲಿ. ಫ್ರಿಜ್‌ನಲ್ಲೇ ಇಡಬೇಕಾಗಿ ಬಂದರೆ ಅರ್ಧ ಗಂಟೆ ಮೊದಲು ತೆಗೆಯಿರಿ. ಎರಡನೆಯದು ಸ್ಪಿರಿಟ್ ಆರುವ ಮೊದಲೇ ಚುಚ್ಚುವುದು. ಸ್ಪಿರಿಟ್ ಸೂಜಿಯ ಜೊತೆ ಒಳಗೆ ಹೋಗಿ ಉರಿಸುತ್ತದೆ. ಸ್ನಾನ ಮಾಡಿದ ಶುಚಿಯಾದ ಚರ್ಮಕ್ಕೆ ಮನೆಯಲ್ಲಿ ಸ್ಪಿರಿಟ್ ಬೇಕೆಂದೇ ಇಲ್ಲ, ಸೋಪು ನೀರು ಸಾಕು. ಮೂರನೆಯದು ಒಂದೇ ಸೂಜಿಯನ್ನು ವಾರವೆಲ್ಲ ಬಳಸುವುದು. ಸೂಜಿ ನಯವಾಗಿ ಜಾರಲೆಂದು ಹಚ್ಚಿರುವ ಲೇಪ ಮೊದಲ ಚುಚ್ಚಿಗೇ ಹೋಗಿಬಿಡುತ್ತದೆ, ತುದಿ ಮೊಂಡಾಗುತ್ತದೆ. ಸೂಜಿಗೆ ಖರ್ಚಾಗುತ್ತದೆ ನಿಜ. ಆದರೆ ಅದು ಒಂದು ಸಲಕ್ಕೆಂದೇ ಮಾಡಿದ ವಸ್ತು, ಮತ್ತು ಇಲ್ಲಿ ಉಳಿಸಿದ ದುಡ್ಡು ನೋವಾಗಿಯೇ ವಾಪಸ್ ಬರುತ್ತದೆ.

ನೀಲಿಗಟ್ಟುವುದು ಸಣ್ಣ ರಕ್ತನಾಳಕ್ಕೆ ಸೂಜಿ ತಾಗಿದ್ದರಿಂದ. ಮಗುವಿಗೂ ನಿಮಗೂ ಅಪಾಯವಿಲ್ಲ. ಬಿ.ಪಿ. ಏರದಿರಲೆಂದು ಆಸ್ಪಿರಿನ್ ಮಾತ್ರೆ ನುಂಗುತ್ತಿದ್ದರೆ ಸ್ವಲ್ಪ ಹೆಚ್ಚೇ ಕಾಣುತ್ತದೆ. ಸೂಜಿ ತೆಗೆದ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಿ, ಉಜ್ಜಬೇಡಿ. ಉಜ್ಜಿದರೆ, ಬಿಸಿನೀರು ಹೊಯ್ದರೆ ಇನ್ಸುಲಿನ್ ಬೇಗ ರಕ್ತಕ್ಕೆ ಸೇರಿ ಶುಗರ್ ಇಳಿಯಬಹುದು. ಚುಚ್ಚಿಕೊಂಡ ಬೆನ್ನಿಗೇ ಎಣ್ಣೆ ತಿಕ್ಕಿಸಿಕೊಂಡು ಬಿಸಿನೀರು ಹಾಕಿಸಿಕೊಳ್ಳುವುದು ಬೇಡ ಎನ್ನುವುದು ಇದಕ್ಕೇ.

ಇನ್ನೊಂದು, ನೀವು ಕೇಳದಿದ್ದರೂ ಹೇಳಲೇಬೇಕಾದ್ದು. ನೋವಾಗದ ಜಾಗ ಸಿಕ್ಕಿತೆಂದು ಅಲ್ಲೇ ಮತ್ತೆ ಮತ್ತೆ ಚುಚ್ಚಬೇಡಿ. ಅಲ್ಲಿ ಕೊಬ್ಬು ಗಡ್ಡೆಕಟ್ಟುತ್ತದೆ. ಗಡ್ಡೆಯಲ್ಲಿ ನೋವು ಗೊತ್ತಾಗುವುದಿಲ್ಲ, ಇನ್ಸುಲಿನ್ ಕೂಡ ಅಲ್ಲಿಂದ ಸರಿಯಾಗಿ ಹೊರಡುವುದಿಲ್ಲ. ಒಂದು ಚುಚ್ಚಿಗೂ ಇನ್ನೊಂದಕ್ಕೂ ಒಂದು ಬೆರಳಗಲ ಅಂತರವಿರಲಿ. ಒಂದು ವಾರ ಬಲಬದಿ, ಮುಂದಿನ ವಾರ ಎಡಬದಿ. ಸೋಪು ಹಚ್ಚಿದ ಕೈಯಿಂದ ಆ ಜಾಗವನ್ನೆಲ್ಲ ಸವರಿ ನೋಡಿ. ಗಡ್ಡೆ ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತದೆ. ಸಿಕ್ಕರೆ ಆ ಜಾಗ ಬಿಡಿ, ವೈದ್ಯರಿಗೆ ತಿಳಿಸಿ. ಒಳ್ಳೆಯ ಜಾಗಕ್ಕೆ ಬದಲಾಯಿಸಿದಾಗ ಅದೇ ಡೋಸ್ ಹೆಚ್ಚು ಕೆಲಸ ಮಾಡುತ್ತದೆ, ಯೂನಿಟ್ ಇಳಿಸಬೇಕಾಗಬಹುದು.

ಪ್ರಶ್ನೆ: ನನ್ನ ಹೆಂಡತಿಗೆ 12 ಯೂನಿಟ್ ಬರೆದಿದ್ದಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಇನ್ಸುಲಿನ್ ಸೀಸೆ ಕೊಟ್ಟರು. ಸಿರಿಂಜ್ ಹೊರಗೆ ತಂದೆ. ಅದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ ಇದೆ, 100ರವರೆಗೆ ಗೆರೆ ಇದೆ. 12ರ ಗೆರೆವರೆಗೆ ಎಳೆದು ಕೊಡುತ್ತಿದ್ದೇನೆ. ಶುಗರ್ ಇಳಿಯುತ್ತಲೇ ಇಲ್ಲ.
— ರಾಯಚೂರಿನ ಓದುಗರು

ಉತ್ತರ: ಆ ಸಿರಿಂಜನ್ನು ಈಗಲೇ ಪಕ್ಕಕ್ಕಿಡಿ. ಸೀಸೆಯ ಮೇಲೆ 40 ಐಯು ಎಂದು ಬರೆದಿದೆಯೇ ನೋಡಿ. ನಮ್ಮಲ್ಲಿ ಸೀಸೆಯ ಇನ್ಸುಲಿನ್ ಹೆಚ್ಚಾಗಿ 1 ಎಂ.ಎಲ್.ಗೆ 40 ಯೂನಿಟ್‌ನದು, ಅದಕ್ಕೆ ಕೆಂಪು ಮುಚ್ಚಳದ, 40ರವರೆಗೆ ಗೆರೆಯಿರುವ ಸಿರಿಂಜ್. ಪೆನ್ನಿನ ಕಾರ್ಟ್ರಿಜ್ 1 ಎಂ.ಎಲ್.ಗೆ 100 ಯೂನಿಟ್‌ನದು. ಕಿತ್ತಳೆ ಮುಚ್ಚಳದ ಸಿರಿಂಜ್ ಆ 100ರ ಇನ್ಸುಲಿನ್‌ಗೆ ಮಾಡಿದ್ದು. ಅದರಲ್ಲಿ 12ರ ಗೆರೆ ಎಂದರೆ 0.12 ಎಂ.ಎಲ್. 40ರ ಸೀಸೆಯಿಂದ ಅಷ್ಟು ಎಳೆದರೆ ಒಳಗೆ ಹೋಗುವುದು 4.8 ಯೂನಿಟ್, ಬರೆದದ್ದರ ಅರ್ಧವೂ ಅಲ್ಲ. ಶುಗರ್ ಇಳಿಯದಿರುವುದಕ್ಕೆ ಇದೇ ಕಾರಣವಾಗಿರಬಹುದು.

ಉಲ್ಟಾ ಆದರೆ ಇನ್ನೂ ಅಪಾಯ. 100ರ ಇನ್ಸುಲಿನ್ ಅನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 12ರವರೆಗೆ ಎಳೆದರೆ 30 ಯೂನಿಟ್ ಹೋಗುತ್ತದೆ. ಪೆನ್ ಕೆಟ್ಟಿತೆಂದು ಕಾರ್ಟ್ರಿಜ್‌ನಿಂದ ಸಿರಿಂಜಿಗೆ ಎಳೆಯುವ ಕೆಲಸ ಯಾವತ್ತೂ ಬೇಡ.

ಸರಿಯಾದ ಸಿರಿಂಜ್ ತಂದ ದಿನವೇ ವೈದ್ಯರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿ. ಶುಗರ್ ಇಳಿಯಲಿಲ್ಲವೆಂದು ಅವರು ಮಧ್ಯೆ ಡೋಸ್ ಏರಿಸಿದ್ದರೆ, ಆ ಏರಿಸಿದ ಡೋಸನ್ನು ಸರಿಯಾದ ಸಿರಿಂಜಿನಲ್ಲಿ ಹಾಗೇ ಕೊಟ್ಟರೆ ಲೋ ಆಗುತ್ತದೆ. ಎಷ್ಟರಿಂದ ಶುರು ಮಾಡಬೇಕೆಂದು ಕೇಳಿಯೇ ಕೊಡಿ.

ಸೀಸೆಯಿಂದ ಎಳೆಯುವುದು ಹೀಗೆ: ಸೀಸೆಯಲ್ಲಿರುವುದು ಹಾಲಿನ ಬಣ್ಣದ್ದಾದರೆ ಎರಡು ಅಂಗೈ ನಡುವೆ ಹತ್ತು ಸಲ ಹೊರಳಿಸಿ, ಹತ್ತು ಸಲ ಮೇಲೆ ಕೆಳಗೆ ತಿರುಗಿಸಿ. ಕುಲುಕಿದರೆ ನೊರೆ ಬರುತ್ತದೆ, ಡೋಸ್ ತಪ್ಪುತ್ತದೆ. ಹೊರಳಿಸದೆ ಎಳೆದರೆ ಒಂದು ದಿನ ಮೇಲಿನ ತಿಳಿ, ಇನ್ನೊಂದು ದಿನ ಅಡಿಯ ಗಷ್ಟು ಹೋಗುತ್ತದೆ. ಸಿರಿಂಜಿಗೆ 12 ಯೂನಿಟ್ ಗಾಳಿ ಎಳೆದು ಸೀಸೆಯೊಳಗೆ ಬಿಡಿ, ಸೀಸೆ ತಲೆಕೆಳಗು ಮಾಡಿ, 12ಕ್ಕಿಂತ ಸ್ವಲ್ಪ ಹೆಚ್ಚು ಎಳೆಯಿರಿ. ಗುಳ್ಳೆಯಿದ್ದರೆ ಉಗುರಿನಿಂದ ತಟ್ಟಿ ಮೇಲೇರಿಸಿ ಹೆಚ್ಚಿನದ್ದನ್ನು ಸೀಸೆಗೇ ಬಿಟ್ಟು 12ಕ್ಕೆ ನಿಲ್ಲಿಸಿ. ಗುಳ್ಳೆ ಒಳಗೆ ಹೋದರೆ ಜೀವಕ್ಕೆ ಅಪಾಯವಿಲ್ಲ, ಅದು ತಿಂದಷ್ಟು ಇನ್ಸುಲಿನ್ ಕಡಿಮೆಯಾಗುತ್ತದೆ ಅಷ್ಟೇ. ಹೊರಳಿಸಿದ ಮೇಲೂ ಬಿಳಿ ಚೂರುಗಳು ಸೀಸೆಯ ಗೋಡೆಗೆ ಅಂಟಿಕೊಂಡಿದ್ದರೆ ಆ ಸೀಸೆ ಕೆಟ್ಟಿದೆ. ನೀರಿನಂತೆ ತಿಳಿಯಾಗಿರಬೇಕಾದ ಇನ್ಸುಲಿನ್ ಮಬ್ಬಾಗಿದ್ದರೆ ಅದೂ ಅಷ್ಟೇ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ, ಆರನೇ ತಿಂಗಳು. ಬೆಳಗ್ಗೆ ತಿಂಡಿಗೆ ಅರ್ಧ ಗಂಟೆ ಮುಂಚೆ 30/70 ಮಿಕ್ಸ್ ಇನ್ಸುಲಿನ್. ಮಧ್ಯಾಹ್ನ ಊಟ ತಡವಾದರೆ ಬೆವರು, ಕೈ ನಡುಕ. ಚಾಕೊಲೇಟ್ ತಿನ್ನುತ್ತೇನೆ, ಸರಿಹೋಗಲು ತುಂಬ ಹೊತ್ತು ಬೇಕು. ಅರ್ಧ ಗಂಟೆ ಕಾಯಲೇಬೇಕೆ?
— ತುಮಕೂರಿನ ಓದುಗರು

ಉತ್ತರ: ಕಾಯಬೇಕು. ನಿಮ್ಮ ಮಿಕ್ಸ್‌ನಲ್ಲಿ 30 ಭಾಗ ಸಾದಾ ಇನ್ಸುಲಿನ್, ಅದು ಕೆಲಸ ಶುರುಮಾಡಲು ಸುಮಾರು 30 ನಿಮಿಷ ತೆಗೆದುಕೊಳ್ಳುತ್ತದೆ. ಚುಚ್ಚಿದ ತಕ್ಷಣ ಇಡ್ಲಿ ತಿಂದರೆ ಇಡ್ಲಿಯ ಸಕ್ಕರೆ ಮುಂದೆ ಓಡುತ್ತದೆ, ಇನ್ಸುಲಿನ್ ಹಿಂದೆ ಉಳಿಯುತ್ತದೆ. ತಿಂಡಿಯ ನಂತರ ಹೈ, ಹನ್ನೊಂದರ ಹೊತ್ತಿಗೆ ಲೋ. ಲಿಸ್ಪ್ರೋ, ಆಸ್ಪಾರ್ಟ್‌ನಂಥ ವೇಗದ ಇನ್ಸುಲಿನ್ ಆದರೆ ಊಟಕ್ಕೆ ಹತ್ತು ಹದಿನೈದು ನಿಮಿಷ ಮುಂಚೆ ಅಥವಾ ತಟ್ಟೆ ಮುಂದಿಟ್ಟುಕೊಂಡೇ ಹಾಕಿಕೊಳ್ಳಬಹುದು. ಕೆಲಸದ ಹೊತ್ತಿನಿಂದ ಕಾಯುವುದು ಕಷ್ಟವೆನಿಸಿದರೆ ವೈದ್ಯರ ಬಳಿ ಅದನ್ನೇ ಹೇಳಿ.

ಮಿಕ್ಸ್‌ನಲ್ಲಿರುವ 70 ಭಾಗ ನಿಧಾನದ ಇನ್ಸುಲಿನ್. ಬೆಳಗ್ಗೆ ಹಾಕಿಕೊಂಡದ್ದರ ಜೋರು ನಿಮ್ಮ ಊಟದ ಬೆಲ್ಲಿನ ಹೊತ್ತಿಗೇ ಬರುತ್ತದೆ. ಹಾಗಾಗಿ ಈ ಇನ್ಸುಲಿನ್ ಮೇಲಿರುವವರು ಮಧ್ಯಾಹ್ನದ ಊಟ ಮುಂದಕ್ಕೆ ಹಾಕುವಂತಿಲ್ಲ. ಹನ್ನೊಂದಕ್ಕೆ ಒಂದು ಮುಷ್ಟಿ ಹುರಿಗಡಲೆ, ಹೆಸರುಕಾಳು ಉಸಲಿ ಅಥವಾ ಒಂದು ಲೋಟ ಮಜ್ಜಿಗೆ ಜೊತೆ ಸಣ್ಣ ಚಪಾತಿ ಇರಲಿ. ಮುಖ್ಯೋಪಾಧ್ಯಾಯರಿಗೆ ಒಂದು ಮಾತು ಹೇಳಿಟ್ಟು ಆ ಹೊತ್ತಿಗೆ ಐದು ನಿಮಿಷ ಕೇಳಿಕೊಳ್ಳಿ, ಸಂಕೋಚ ಬೇಡ.

ಬೆವರು, ನಡುಕ, ಎದೆ ಹೊಡೆದುಕೊಳ್ಳುವುದು, ಕಣ್ಣು ಮಂಜು: ಕೂಡಲೇ ಚೆಕ್ ಮಾಡಿ. 70ಕ್ಕಿಂತ ಕಡಿಮೆಯಿದ್ದರೆ, ಅಥವಾ ಮೀಟರ್ ಕೈಗೆ ಸಿಗದಿದ್ದರೆ, ಮಟ್ಟಸವಾದ ಮೂರು ಚಹಾ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ಅರ್ಧ ಲೋಟ ನೀರಿನಲ್ಲಿ ಕದಡಿ ಕುಡಿಯಿರಿ, ಸುಮಾರು 15 ಗ್ರಾಂ ಆಗುತ್ತದೆ. ಹದಿನೈದು ನಿಮಿಷ ಕೂತಿದ್ದು ಮತ್ತೆ ಚೆಕ್ ಮಾಡಿ. ಇನ್ನೂ 70ರ ಕೆಳಗಿದ್ದರೆ ಮತ್ತೊಮ್ಮೆ ಅಷ್ಟೇ. ಏರಿದ ಮೇಲೆ ಊಟ ಮಾಡಿ. ಚಾಕೊಲೇಟಿನ ಕೊಬ್ಬು ಸಕ್ಕರೆಯನ್ನು ಹೊಟ್ಟೆಯಲ್ಲೇ ತಡೆಹಿಡಿಯುತ್ತದೆ, ಅದಕ್ಕೇ ನಿಮಗೆ ಸರಿಹೋಗಲು ತಡ. ಗ್ಲೂಕೋಸ್ ಪೊಟ್ಟಣ ಬ್ಯಾಗಿನಲ್ಲೊಂದು, ಶಾಲೆಯ ಬೀರುವಿನಲ್ಲೊಂದು ಇಡಿ. ಪ್ರಜ್ಞೆ ತಪ್ಪಿದರೆ ಬಾಯಿಗೆ ಏನನ್ನೂ ಹಾಕದೆ, ಎಡಮಗ್ಗುಲಿಗೆ ಮಲಗಿಸಿ, 108ಕ್ಕೆ ಕರೆ ಮಾಡಬೇಕೆಂದು ಸಹೋದ್ಯೋಗಿಗಳಿಗೆ ಮೊದಲೇ ತಿಳಿಸಿಡಿ.

ಪ್ರಶ್ನೆ: ನನಗೆ ಹದಿನಾಲ್ಕು ವರ್ಷದಿಂದ ಟೈಪ್ 1. ಈಗ ಒಂಬತ್ತು ವಾರದ ಬಸುರಿ, ವಾಂತಿ ವಿಪರೀತ. ತಿಂದದ್ದು ನಿಲ್ಲದಿದ್ದರೆ ಇನ್ಸುಲಿನ್ ಬಿಡಬಹುದೇ?
— ಉಡುಪಿಯ ಓದುಗರು

ಉತ್ತರ: ರಾತ್ರಿಯ ಅಥವಾ ದಿನವಿಡೀ ಕೆಲಸ ಮಾಡುವ ಇನ್ಸುಲಿನ್ ಅನ್ನು ಊಟವಿಲ್ಲದ ದಿನವೂ ಬಿಡಬಾರದು. ಮೈ ತಾನಾಗಿ ಇನ್ಸುಲಿನ್ ತಯಾರಿಸದ ಟೈಪ್ 1ರಲ್ಲಿ ಅದು ನಿಂತರೆ ಮೈ ಕೊಬ್ಬನ್ನು ಸುಡಲು ಶುರುಮಾಡಿ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ತುಂಬುತ್ತದೆ. ಬಸುರಿಯಲ್ಲಿ ಇದು ಬೇಗ ಬರುತ್ತದೆ, ಶುಗರ್ 200ರ ಆಸುಪಾಸಿನಲ್ಲಿದ್ದಾಗಲೂ ಬರಬಹುದು. ಊಟದ ವೇಗದ ಇನ್ಸುಲಿನ್ ಅನ್ನು ತಿಂದದ್ದು ಹೊಟ್ಟೆಯಲ್ಲಿ ನಿಂತ ಮೇಲೆ, ನಿಂತಷ್ಟಕ್ಕೆ ತಕ್ಕಂತೆ ಹಾಕಿಕೊಳ್ಳಲು ವೈದ್ಯರು ಸಾಮಾನ್ಯವಾಗಿ ಒಪ್ಪುತ್ತಾರೆ, ಕೇಳಿ ಬರೆಸಿಕೊಳ್ಳಿ. ಮೂತ್ರದ ಕೀಟೋನ್ ಸ್ಟ್ರಿಪ್ ಮನೆಯಲ್ಲಿರಲಿ. ಎರಡು ಪ್ಲಸ್ ಅಥವಾ ಹೆಚ್ಚು ಬಂದರೆ, ನೀರೂ ನಿಲ್ಲದಿದ್ದರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ಈ ತಿಂಗಳುಗಳಲ್ಲಿ ಲೋ ಕೂಡ ಹೆಚ್ಚು, ಅದೂ ಮುನ್ಸೂಚನೆಯಿಲ್ಲದೆ. ಮಲಗುವ ಮುಂಚೆ ಚೆಕ್ ಮಾಡದೆ ದೀಪ ಆರಿಸಬೇಡಿ.

ಪ್ರಶ್ನೆ: ನಮ್ ಕಡೆ ಬಿಸಿಲು ಭಾಳ, ಕರೆಂಟ್ ಹೋಗಿ ಬರ್ತದ. ಮನ್ಯಾಗ ಫ್ರಿಜ್ ಇಲ್ಲ. ಮುಂದಿನ ವಾರ ಬಸ್ಸಿನಾಗ ತವರಿಗೆ ಹೋಗೋದದ. ಇನ್ಸುಲಿನ್ ಹ್ಯಾಂಗ ಇಡಬೇಕು?
— ಕಲಬುರಗಿಯ ಓದುಗರು

ಉತ್ತರ: ಮಡಕೆ ಸಾಕು. ದೊಡ್ಡ ಮಡಕೆಯೊಳಗೆ ಚಿಕ್ಕದಿಟ್ಟು, ನಡುವೆ ಮರಳು ತುಂಬಿ, ಮರಳಿಗೆ ದಿನಕ್ಕೆರಡು ಸಲ ನೀರು ಹಾಕಿ. ಸೀಸೆಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಒಳಮಡಕೆಯಲ್ಲಿಟ್ಟು, ಒದ್ದೆ ಬಟ್ಟೆ ಹೊದಿಸಿ, ಗಾಳಿಯಾಡುವ ನೆರಳಿನಲ್ಲಿಡಿ. ನೀರು ಆರುವಾಗ ತಂಪು ಹುಟ್ಟುತ್ತದೆ, ಹಾಗಾಗಿ ನಿಮ್ಮ ಕಡೆಯ ಒಣಹವೆಗೆ ಇದು ಚೆನ್ನಾಗಿ ಹೊಂದುತ್ತದೆ. ಕರಾವಳಿಯ ಜಿಗುಟು ಹವೆಯಲ್ಲಿ ಅಷ್ಟು ಕೆಲಸ ಮಾಡುವುದಿಲ್ಲ.

ಇದು ಬಳಕೆಯಲ್ಲಿರುವ ಸೀಸೆಗೆ ಮಾತ್ರ. ತೆರೆದ ದಿನಾಂಕವನ್ನು ಅದರ ಮೇಲೆ ಬರೆದು, 28 ದಿನಕ್ಕೆ ಬದಲಿಸಿ. ತೆರೆಯದ ಸೀಸೆಗೆ 2ರಿಂದ 8 ಡಿಗ್ರಿ ಬೇಕು. ಒಟ್ಟಿಗೆ ಮೂರ್ನಾಲ್ಕು ತರದೆ ಒಂದೊಂದೇ ತನ್ನಿ. ಪಕ್ಕದ ಮನೆಯ ಫ್ರಿಜ್‌ನಲ್ಲಿಟ್ಟರೆ ಐಸ್ ಪೆಟ್ಟಿಗೆಯಿಂದ ದೂರ ಇಡಲು ಹೇಳಿ. ಒಮ್ಮೆ ಗಡ್ಡೆಕಟ್ಟಿದ ಇನ್ಸುಲಿನ್ ಕರಗಿದ ಮೇಲೆ ಮೊದಲಿನಂತೆಯೇ ಕಂಡರೂ ಬಳಸಬಾರದು.

ಬಸ್ಸಿನಲ್ಲಿ ಕೈಚೀಲದಲ್ಲಿರಲಿ, ಡಿಕ್ಕಿಯಲ್ಲಿ ಬೇಡ. ಐಸ್ ಇಟ್ಟರೆ ಸೀಸೆಗೆ ತಾಗದಂತೆ ದಪ್ಪ ಟವೆಲ್ ಸುತ್ತಿ. ತಾಯಿ ಕಾರ್ಡ್, ಡೋಸ್ ಬರೆದ ಚೀಟಿ, ಗ್ಲೂಕೋಸ್, ತಿನ್ನಲು ರೊಟ್ಟಿ ಅದೇ ಚೀಲದಲ್ಲಿ. ಬಸ್ ಎಲ್ಲಿ ಊಟಕ್ಕೆ ನಿಲ್ಲುತ್ತದೋ ಗೊತ್ತಿಲ್ಲದಿರುವಾಗ, ರೊಟ್ಟಿ ಕೈಯಲ್ಲಿ ಇಟ್ಟುಕೊಂಡೇ ಇನ್ಸುಲಿನ್ ಹಾಕಿಕೊಳ್ಳಿ.

ಪ್ರಶ್ನೆ: ಬಳಸಿದ ಸೂಜಿ ಏನು ಮಾಡುವುದು?
— ಮೈಸೂರಿನ ಓದುಗರು

ಉತ್ತರ: ಫಿನೈಲ್ ಬಾಟಲಿಯಂಥ ದಪ್ಪ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮುಕ್ಕಾಲು ತುಂಬಿದ ಮೇಲೆ ಬಿರಡೆ ಬಿಗಿದು ಟೇಪ್ ಸುತ್ತಿ ‘ಸೂಜಿ’ ಎಂದು ಬರೆಯಿರಿ. ನಿಮ್ಮ ಆಸ್ಪತ್ರೆ ಅಥವಾ ಆರೋಗ್ಯ ಕೇಂದ್ರದಲ್ಲಿ ತೆಗೆದುಕೊಳ್ಳುತ್ತಾರೆಯೇ ಕೇಳಿ. ಕಸದ ಗಾಡಿಗೇ ಕೊಡುವುದಾದರೆ ಬೇರೆಯಾಗಿ, ಬಾಯಲ್ಲಿ ಹೇಳಿ ಕೊಡಿ. ಹಸಿ ಕಸದೊಳಗೆ ಹೋದ ಸೂಜಿ ಪೌರಕಾರ್ಮಿಕರ ಬರಿಗೈಗೆ ಚುಚ್ಚುತ್ತದೆ.

ಪ್ರಶ್ನೆ: ಐದನೇ ತಿಂಗಳಲ್ಲಿ 8 ಯೂನಿಟ್ ಇದ್ದದ್ದು ಈಗ ಎಂಟನೇ ತಿಂಗಳಲ್ಲಿ 38 ಆಗಿದೆ. ಪಥ್ಯ ಒಂದಿನವೂ ಬಿಟ್ಟಿಲ್ಲ. ಕಾಯಿಲೆ ಜೋರಾಯಿತೇ? ಹೆರಿಗೆ ಆದ ಮೇಲೂ ಜೀವನಪೂರ್ತಿ ಚುಚ್ಚಿಕೊಳ್ಳಬೇಕೇ?
— ಶಿವಮೊಗ್ಗದ ಓದುಗರು

ಉತ್ತರ: ತಪ್ಪು ನಿಮ್ಮದಲ್ಲ. ಮಾಸು ಬೆಳೆದಂತೆ ಅದರಿಂದ ಬರುವ ಹಾರ್ಮೋನುಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡ ನಿಲ್ಲುತ್ತವೆ. ಐದನೇ ತಿಂಗಳಿಂದ ಸುಮಾರು 36ನೇ ವಾರದವರೆಗೆ ಡೋಸ್ ಏರುವುದು ಸಹಜ. ನೀವು ನೋಡಬೇಕಾದ್ದು ಯೂನಿಟ್ ಅಲ್ಲ, ರೀಡಿಂಗ್: ಬರಿಹೊಟ್ಟೆಯಲ್ಲಿ 95ರೊಳಗೆ, ಊಟ ಶುರುಮಾಡಿ ಒಂದು ಗಂಟೆಗೆ 140ರೊಳಗೆ, ಎರಡು ಗಂಟೆಗೆ 120ರೊಳಗೆ. ಚೆಕ್ ಮಾಡುವ ಮುಂಚೆ ಕೈ ತೊಳೆದು ಒರೆಸಿಕೊಳ್ಳಿ. ಬಾಳೆಹಣ್ಣು ಸುಲಿದ ಬೆರಳಿಗೆ ಮೀಟರ್ ಸುಳ್ಳು ಹೇಳುತ್ತದೆ.

ಮಗು ಮುಂಚಿತವಾಗಿ ಹುಟ್ಟಬಹುದೆಂದು ಶ್ವಾಸಕೋಶ ಬಲಿಯಲು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಮೂರ್ನಾಲ್ಕು ದಿನ ಶುಗರ್ ದಿಢೀರನೆ ಏರುತ್ತದೆ. ಆಗ ಡೋಸ್ ಎಷ್ಟು ಹೆಚ್ಚಿಸಬೇಕೆಂದು ಇಂಜೆಕ್ಷನ್ ಕೊಡುವಾಗಲೇ ಕೇಳಿ. ಇದಕ್ಕೆ ವಿರುದ್ಧವಾಗಿ, ಕೊನೆಯ ವಾರಗಳಲ್ಲಿ ಊಟ ಸರಿಯಾಗಿದ್ದೂ ಮತ್ತೆ ಮತ್ತೆ ಲೋ ಆಗತೊಡಗಿದರೆ ‘ಶುಗರ್ ವಾಸಿಯಾಯಿತು’ ಎಂದು ಸಮಾಧಾನಪಟ್ಟುಕೊಳ್ಳಬೇಡಿ. ಮಾಸಿನ ಕೆಲಸ ಕುಂದಿದ್ದರೂ ಹಾಗಾಗಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ, ಮಗುವಿನ ಮಿಸುಕಾಟ ಹೇಗಿದೆ ಎಂಬುದನ್ನೂ ಹೇಳಿ.

ಮಾಸು ಬಿದ್ದ ಮೇಲೆ ಅಡ್ಡಿ ಹೋಗುತ್ತದೆ. ಬಸುರಿಯಲ್ಲಿ ಮಾತ್ರ ಬಂದ ಶುಗರ್ ಆದರೆ ಹೆಚ್ಚಿನವರಿಗೆ ಇನ್ಸುಲಿನ್ ಅಲ್ಲಿಗೇ ನಿಲ್ಲುತ್ತದೆ. ಮೊದಲೇ ಟೈಪ್ 1 ಇದ್ದವರಿಗೆ ನಿಲ್ಲುವುದಿಲ್ಲ, ಡೋಸ್ ತಟ್ಟನೆ ಇಳಿಯುತ್ತದೆ. ಹೆರಿಗೆಯ ನಂತರದ ಡೋಸನ್ನು ಮೊದಲೇ ಬರೆಸಿಟ್ಟುಕೊಳ್ಳಬೇಕು. ಕೂಸಿಗೆ ಮೊದಲ ಒಂದು ಗಂಟೆಯೊಳಗೆ ಎದೆಹಾಲು ಕೊಡಿ, ಹಿಮ್ಮಡಿಯಿಂದ ರಕ್ತ ತೆಗೆದು ಶುಗರ್ ನೋಡಿದರೆ ಹೆದರಬೇಡಿ. ಇನ್ಸುಲಿನ್ ಮುಂದುವರಿದರೂ ಹಾಲೂಡಿಸಲು ಅಡ್ಡಿಯಿಲ್ಲ.

ಆರನೇ ವಾರಕ್ಕೆ 75 ಗ್ರಾಂ ಗ್ಲೂಕೋಸ್ ಕುಡಿದು ಮಾಡುವ ಪರೀಕ್ಷೆ ಮಾತ್ರ ಬಿಡಬೇಡಿ. ಬಾಣಂತನದ ಗಡಿಬಿಡಿಯಲ್ಲಿ ಮರೆತುಹೋಗುವುದು ಇದೇ. ಮಗುವಿನ ಆರನೇ ವಾರದ ಲಸಿಕೆಗೆ ಹೋಗುವ ದಿನವೇ ಇಟ್ಟುಕೊಳ್ಳಿ. ಬರಿಹೊಟ್ಟೆಯಲ್ಲಿ ಹೋಗಬೇಕು, ಎರಡು ಗಂಟೆ ಅಲ್ಲೇ ಕೂರಬೇಕು. ಮಗುವನ್ನು ಎತ್ತಿಕೊಳ್ಳಲು ಅಮ್ಮನನ್ನೋ ಮನೆಯವರನ್ನೋ ಜೊತೆಗೆ ಕರೆದುಕೊಳ್ಳಿ, ಪರೀಕ್ಷೆ ಮುಗಿದ ಕೂಡಲೇ ತಿನ್ನಲು ನಿಮ್ಮ ತಿಂಡಿ ಡಬ್ಬಿಯೂ ಇರಲಿ.